ಮನೆಯಲ್ಲೇ ಟೀ ಶರ್ಟ್ ಪ್ರಿಂಟ್: ಸ್ಕ್ರೀನೋ, ಫಿಲಮ್ಮೋ, ಅಡಿಕೆ ಚೊಗರೋ?

ಕೆಸರುಗದ್ದೆ ಓಟಕ್ಕೆ ಹದಿನೈದು ಹುಡುಗರ ತಂಡ ಕಟ್ಟಿದಾಗಲೋ, ಮುಳ್ಳಯ್ಯನಗಿರಿ ಹತ್ತಿ ಬಂದವರಿಗೆ ‘1930 ಮೀಟರ್’ ಅಂತ ಎದೆಯ ಮೇಲೆ ಬರೆಸಿಕೊಳ್ಳುವ ಆಸೆ ಹುಟ್ಟಿದಾಗಲೋ, ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಮೊಬೈಲಿನಲ್ಲಿ ಮೆಷಿನ್ ಹುಡುಕುವುದು. ಮೆಷಿನ್ ಕೊನೆಗೆ ಬರಲಿ. ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದೇ ಚಿತ್ರ ಎಷ್ಟು ಶರ್ಟಿಗೆ ಬೇಕು? ಬಟ್ಟೆ ಹತ್ತಿಯದೋ ಪಾಲಿಯೆಸ್ಟರೋ? ಕೆಲಸ ಮಾಡುವುದು ಯಾವ ತಿಂಗಳಲ್ಲಿ?

ಮೂರನೆಯ ಪ್ರಶ್ನೆ ನಮ್ಮ ಹಾಸನ, ಚಿಕ್ಕಮಗಳೂರು ಕಡೆಯವರಿಗೇ ಮೀಸಲು. ಅರಸೀಕೆರೆ, ಕಡೂರಿನಲ್ಲಿ ವರ್ಷದ ಬಹುಪಾಲು ಬಿಸಿಲಿಗೆ ಕೊರತೆಯಿಲ್ಲ. ಅದೇ ಜಿಲ್ಲೆಗಳ ಇನ್ನೊಂದು ಅಂಚಿನಲ್ಲಿ, ಸಕಲೇಶಪುರ, ಮೂಡಿಗೆರೆ ಕಡೆ, ಆರಿದ್ರಾ ಮಳೆ ಹಿಡಿದರೆ ಆಶ್ಲೇಷಾ ಕಳೆಯುವ ತನಕ ಒಗೆದ ಬಟ್ಟೆಯೇ ಒಣಗುವುದಿಲ್ಲ. ಕಡೂರಿನಲ್ಲಿ ಸಲೀಸಾಗಿ ಬರುವ ಪ್ರಿಂಟು ಮೂಡಿಗೆರೆಯಲ್ಲಿ ಕೈಕೊಡುವುದಕ್ಕೆ ಬಹಳ ಸಲ ಇದೊಂದೇ ಕಾರಣ.

ಅವಸರದಲ್ಲಿರುವವರಿಗೆ ಉತ್ತರ ಇಲ್ಲೇ ಇದೆ. ಒಂದೋ ಎರಡೋ ಶರ್ಟು, ಬಣ್ಣ ಹಲವು: ಡಿಟಿಎಫ್ (ಡೈರೆಕ್ಟ್ ಟು ಫಿಲಂ) ಪ್ರಿಂಟು ಮಾಡಿಸಿ ತಂದು ಮನೆಯಲ್ಲಿ ಒತ್ತಿಕೊಳ್ಳಿ. ಬೆನ್ನ ಮೇಲೆ ಹೆಸರು, ನಂಬರು ಮಾತ್ರ: ವಿನೈಲ್. ಹತ್ತಕ್ಕಿಂತ ಹೆಚ್ಚು ಶರ್ಟು, ಒಂದೋ ಎರಡೋ ಬಣ್ಣ, ಬಟ್ಟೆ ಹತ್ತಿ: ಸ್ಕ್ರೀನ್. ಆಟದ ಪಾಲಿಯೆಸ್ಟರ್ ಜೆರ್ಸಿ, ತಿಳಿ ಬಣ್ಣ: ಸಬ್ಲಿಮೇಷನ್. ಬರೀ ಕೈಕೆಲಸದ ಖುಷಿ ಸಾಕು ಅನ್ನುವವರಿಗೆ ಸ್ಟೆನ್ಸಿಲ್ ಮತ್ತು ಚೊಗರು, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರು.

ಮೊದಲು ಶರ್ಟು

ಖಾಲಿ ಟೀ ಶರ್ಟುಗಳು ಹೆಚ್ಚಾಗಿ ತಿರುಪ್ಪೂರಿನಿಂದ ಬರುತ್ತವೆ. ಕೊಳ್ಳುವಾಗ ಜಿಎಸ್‌ಎಂ ಕೇಳಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. 140ಕ್ಕಿಂತ ಕಡಿಮೆಯದು ಚುನಾವಣೆಯಲ್ಲಿ ಹಂಚುವ ಶರ್ಟು. ಅದರ ಮೇಲೆ ದೊಡ್ಡ ಪ್ರಿಂಟು ಹಾಕಿದರೆ ಎದೆಗೆ ರಟ್ಟು ಕಟ್ಟಿಕೊಂಡ ಹಾಗಿರುತ್ತದೆ. ಹವ್ಯಾಸಕ್ಕೆ 180 ಸರಿಯಾದ ನಡುದಾರಿ. ಬಯೋವಾಷ್ (ಕಿಣ್ವ ಹಾಕಿ ತೊಳೆದದ್ದು) ಆಗಿದ್ದರೆ ಮೇಲಿನ ಜುಂಗು ಹೋಗಿರುತ್ತದೆ, ಗೆರೆ ಚೂಪಾಗಿ ಕೂರುತ್ತದೆ. ಜುಂಗಿರುವ ಶರ್ಟಿನಲ್ಲಿ ಎರಡೇ ಒಗೆತಕ್ಕೆ ಪ್ರಿಂಟಿನ ನಡುವಿನಿಂದ ಎಳೆಗಳು ಎದ್ದು ಬಣ್ಣ ಮಾಸಿದಂತೆ ಕಾಣುತ್ತದೆ. ಜನ ಬಣ್ಣವನ್ನು ಬೈಯುತ್ತಾರೆ, ತಪ್ಪು ಬಟ್ಟೆಯದು.

ಸ್ಕ್ರೀನ್ ಅಥವಾ ಬಣ್ಣ ಅದ್ದುವ ಕೆಲಸವಿದ್ದರೆ ಶರ್ಟನ್ನು ಮೊದಲು ಒಗೆದು ಒಣಗಿಸಿ. ಗಂಜಿ, ಸಾಫ್ಟ್‌ನರ್ ಹೋಗಬೇಕು, ಕುಗ್ಗುವುದಿದ್ದರೆ ಆಗಲೇ ಕುಗ್ಗಿಬಿಡಬೇಕು. ಡಿಟಿಎಫ್, ವಿನೈಲಿಗೆ ಒಗೆಯದಿದ್ದರೂ ನಡೆಯುತ್ತದೆ.

ಸ್ಕ್ರೀನ್: ಶ್ರಮ ಮೊದಲು, ಲಾಭ ಆಮೇಲೆ

ಲಗ್ನಪತ್ರಿಕೆ ಮಾಡುವವರ ಬಳಿ ನೀವು ನೋಡಿರುವ ಅದೇ ಸ್ಕ್ರೀನು. ಕಾಗದಕ್ಕೆ ಬಳಸುವ ಮೆಶ್ (ಫ್ರೇಮಿಗೆ ಬಿಗಿದ ಬಲೆ) ಮಾತ್ರ ಬಟ್ಟೆಗೆ ತೀರಾ ಸಣ್ಣ ಕಣ್ಣಿನದು. ಬಟ್ಟೆಗೆ 43ಟಿ ಕೇಳಿ, ಅಂದರೆ ಇಂಚಿಗೆ ಸುಮಾರು 110 ಎಳೆ. ಗೆರೆ ನಯವಾಗಿದ್ದರೆ 61ಟಿ. ಒಳ ಅಳತೆ 12×16 ಇಂಚಿನ ಒಂದು ಫ್ರೇಮು, ಬಣ್ಣ ಎಳೆಯುವ ರಬ್ಬರ್ ಪಟ್ಟಿ (ಸ್ಕ್ವೀಜಿ), ಬೆಳಕು ಬಿದ್ದಲ್ಲಿ ಗಟ್ಟಿಯಾಗಿ ಬೀಳದಲ್ಲಿ ನೀರಿಗೆ ತೊಳೆದುಹೋಗುವ ಲೇಪ (ಡಯಾಜೋ ಎಮಲ್ಷನ್), ಪಾರದರ್ಶಕ ಓಎಚ್‌ಪಿ ಹಾಳೆ, ಒಂದು ಗಾಜು, ಶರ್ಟಿನೊಳಗೆ ತೂರಿಸಲು ಪ್ಲೈವುಡ್ ಹಲಗೆ. ಇಷ್ಟಿದ್ದರೆ ಕೆಲಸ ಶುರು.

ಎಮಲ್ಷನ್ನನ್ನು ಹಳದಿ ಜೀರೋ ಬಲ್ಬಿನ ಬೆಳಕಿನಲ್ಲಿ ಎರಡೂ ಬದಿಗೆ ತೆಳ್ಳಗೆ ಒಂದೊಂದು ಸಲ ಎಳೆದು, ಸ್ಕ್ರೀನನ್ನು ಅಡ್ಡಡ್ಡ ಮಲಗಿಸಿ ಕತ್ತಲಲ್ಲಿ ಒಣಗಿಸಬೇಕು. ಮಲೆನಾಡಿನವರು ಸೋಲುವುದು ಇಲ್ಲೇ. ಮೇಲೆ ಒಣಗಿದಂತೆ ಕಂಡರೂ ಮಳೆಗಾಲದಲ್ಲಿ ಎಮಲ್ಷನ್ ಒಳಗೆ ಹಸಿಯೇ ಇರುತ್ತದೆ. ಬೆಳಕು ಹಸಿ ಪದರವನ್ನು ಗಟ್ಟಿ ಮಾಡಲಾರದು. ತೊಳೆಯಲು ಹೋದರೆ ಚಿತ್ರದ ಜೊತೆ ಹಿನ್ನೆಲೆಯೂ ಜಾರಿ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಬೀರುವಿನಲ್ಲಿ ಸಣ್ಣ ಫ್ಯಾನ್ ಇಟ್ಟು ಇಡೀ ರಾತ್ರಿ ಬಿಡಿ. ಒಲೆಯ ಮೇಲಿನ ಅಟ್ಟ ಬೇಡ. ಹೊಗೆ, ಮಸಿ ಕೂತು ಸಣ್ಣ ತೂತುಗಳು ಬೀಳುತ್ತವೆ, 40 ಡಿಗ್ರಿ ಮೀರಿದರೆ ಎಮಲ್ಷನ್ ತಾನಾಗಿಯೇ ಗಟ್ಟಿಯಾಗಿ ಚಿತ್ರ ತೊಳೆದು ತೆಗೆಯಲು ಬರುವುದಿಲ್ಲ. ಮರದ ಫ್ರೇಮು ತೇವ ಕುಡಿದು ಉಬ್ಬುತ್ತದೆ, ಮೆಶ್ ಸಡಿಲವಾಗುತ್ತದೆ. ಮಳೆ ಸೀಮೆಯವರಾದರೆ ಅಲ್ಯೂಮಿನಿಯಂ ಫ್ರೇಮ್ ಕೊಳ್ಳಲಿ, ಇಲ್ಲವೇ ಮರಕ್ಕೆ ಎರಡು ಕೋಟ್ ವಾರ್ನಿಷ್ ಹೊಡೆಯಲಿ.

ಚಿತ್ರವನ್ನು ಲೇಸರ್ ಪ್ರಿಂಟರಿನಲ್ಲಿ ಅಚ್ಚಕಪ್ಪಾಗಿ ಓಎಚ್‌ಪಿ ಹಾಳೆಗೆ ತೆಗೆಸಿ. ಎರಡು ಪ್ರತಿ ತೆಗೆಸಿ ಒಂದರ ಮೇಲೊಂದು ಕೂರಿಸಿ ಅಂಟಿಸಿದರೆ ಇನ್ನೂ ಒಳ್ಳೆಯದು. ಒಂದೇ ಹಾಳೆಯ ಕಪ್ಪು ಬೆಳಕಿಗೆ ಹಿಡಿದರೆ ಬೂದಿ ಬಣ್ಣ. ಅದರ ಮೂಲಕ ಬೆಳಕು ಸೋರುತ್ತದೆ. ಸ್ಕ್ರೀನಿನ ಮೇಲೆ ಹಾಳೆ, ಅದರ ಮೇಲೆ ಗಾಜು ಇಟ್ಟು ಬಿಸಿಲಿಗೆ ಹಿಡಿಯಬೇಕು. ಎಷ್ಟು ಹೊತ್ತು? ಮಾರ್ಚ್ ಮಧ್ಯಾಹ್ನದ ಬಿಸಿಲೇ ಬೇರೆ, ಡಿಸೆಂಬರ್ ಬೆಳಗಿನದೇ ಬೇರೆ. ಪುಸ್ತಕದ ಲೆಕ್ಕ ಬಿಟ್ಟು ಪರೀಕ್ಷೆ ಮಾಡಿ: ಹಳೆಯ ಸ್ಕ್ರೀನಿಗೆ ರಟ್ಟು ಮುಚ್ಚಿ ಅರ್ಧ ನಿಮಿಷಕ್ಕೊಮ್ಮೆ ಎರಡೆರಡು ಇಂಚು ಸರಿಸುತ್ತ ಹೋಗಿ, ತೊಳೆದು ನೋಡಿ. ಗೆರೆ ಪೂರ್ತಿ ತೆರೆದು, ಹಿನ್ನೆಲೆ ಬೆರಳಿಗೆ ಜಾರದ ಪಟ್ಟಿ ಯಾವುದೋ ಅದೇ ನಿಮ್ಮ ಹೊತ್ತು. ಮೋಡದ ದಿನ ಈ ಲೆಕ್ಕವೆಲ್ಲ ಹುಸಿ. ಆಗ ಯುವಿ ಎಲ್‌ಇಡಿ ಫ್ಲಡ್ ಲೈಟ್ ಬೇಕು. ಅದರದು ಇನ್ನೂ ಅನುಕೂಲ, ಒಮ್ಮೆ ಸಿಕ್ಕ ಹೊತ್ತು ಬದಲಾಗುವುದಿಲ್ಲ.

ಬಿಳಿ ಶರ್ಟಿಗೆ ಬೈಂಡರ್ ಜೊತೆ ಪಿಗ್ಮೆಂಟ್: 100 ಗ್ರಾಂ ಬೈಂಡರಿಗೆ 3ರಿಂದ 5 ಗ್ರಾಂ ಬಣ್ಣ, 1ರಿಂದ 2 ಗ್ರಾಂ ಫಿಕ್ಸರ್. ಬಣ್ಣ ಗಾಢವಾಗಲಿ ಅಂತ 10 ಗ್ರಾಂ ಸುರಿದರೆ ಹಿಡಿದುಕೊಳ್ಳಲು ಬೈಂಡರ್ ಸಾಲದೆ ಒಗೆದಾಗ ಬಿಡುತ್ತದೆ. ಕಪ್ಪು ಶರ್ಟಿಗೆ ಇದು ಕಾಣುವುದೇ ಇಲ್ಲ. ಅಲ್ಲಿಗೆ ಅಂಗಡಿಯವರು ಖಾದಿ ಅನ್ನುವ ಬಿಳಿ ಪೇಸ್ಟ್ ಬೇಕು. ಒಮ್ಮೆ ಎಳೆದು, ಹೇರ್ ಡ್ರೈಯರಿನಲ್ಲಿ ಆರಿಸಿ, ಶರ್ಟು ಕದಲಿಸದೆ ಮತ್ತೊಮ್ಮೆ ಎಳೆದರೆ ಬಿಳಿ ಬಿಳಿಯಾಗಿ ಕೂರುತ್ತದೆ. ಖಾದಿ ಬೇಸಿಗೆಯಲ್ಲಿ ಮೆಶ್ಶಿನೊಳಗೇ ಒಣಗಿ ಕಟ್ಟಿಕೊಳ್ಳುತ್ತದೆ. ಮೂರು ಶರ್ಟಿಗೊಮ್ಮೆ ನೀರಿನ ಸ್ಪ್ರೇ ಕೊಡಿ, ಫೋನು ಬಂದರೂ ಸ್ಕ್ರೀನನ್ನು ಖಾಲಿ ಬಿಟ್ಟು ಏಳಬೇಡಿ. ಪೇಸ್ಟನ್ನು ಚಿತ್ರದ ಮೇಲೆ ಹರಡಿ ಮುಚ್ಚಿಟ್ಟು ಹೋಗಿ.

ಸ್ಕ್ರೀನಿಗೂ ಬಟ್ಟೆಗೂ ನಡುವೆ ಎರಡು ನಾಣ್ಯದಷ್ಟು ಸಂದು ಇರಲಿ. ಸಂದಿಲ್ಲದಿದ್ದರೆ ಎತ್ತುವಾಗ ಅಂಚು ಕದಡುತ್ತದೆ. ಮರುದಿನ ಬಟರ್ ಪೇಪರ್ ಅಥವಾ ತೆಳು ಬಟ್ಟೆ ಹಾಕಿ, ಕಾಟನ್ ಶಾಖದಲ್ಲಿ, ಹಬೆಯಿಲ್ಲದೆ, ಒಂದೊಂದು ಜಾಗಕ್ಕೆ ಮೂರು ನಾಲ್ಕು ನಿಮಿಷ ಇಸ್ತ್ರಿ ಆಡಿಸಿ. ಬೈಂಡರಿಗೆ 150 ಡಿಗ್ರಿ ಶಾಖ ಮುಟ್ಟಬೇಕು. ಮೂರನೇ ಒಗೆತಕ್ಕೆ ಪ್ರಿಂಟು ಮಾಸಿದರೆ ಕಾರಣ ನೂರಕ್ಕೆ ತೊಂಬತ್ತು ಪಾಲು ಇಲ್ಲಿಯ ಅವಸರ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಹತ್ತಿದರೆ ಇನ್ನೊಮ್ಮೆ ಇಸ್ತ್ರಿ.

ಮೊದಲ ಶರ್ಟಿಗೆ ಒಂದು ದಿನ, ಆಮೇಲಿನ ಪ್ರತಿ ಶರ್ಟಿಗೆ ಎರಡು ನಿಮಿಷ. ಅದಕ್ಕೇ ಹತ್ತಕ್ಕಿಂತ ಕಡಿಮೆಗೆ ಸ್ಕ್ರೀನ್ ಬೇಡ ಅನ್ನುವುದು. ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನು, ಅವುಗಳ ಹೊಂದಾಣಿಕೆಯೇ ಒಂದು ವಿದ್ಯೆ. ಮೊದಲ ವರ್ಷ ಒಂದೇ ಬಣ್ಣದಲ್ಲಿ ಕೈ ಕುದುರಲಿ. ಹಾಗಂದ ಮಾತ್ರಕ್ಕೆ ಚಿತ್ರ ಬಡವಾಗಬೇಕಿಲ್ಲ. ಹಳೇಬೀಡಿನ ಗುಡಿಯ ಗೋಡೆಯ ತಳದಲ್ಲಿ ಸುತ್ತಲೂ ನಡೆಯುವ ಆನೆಗಳ ಸಾಲನ್ನು ಒಂದೇ ಬಣ್ಣದಲ್ಲಿ ಎದೆಯಡ್ಡಲಾಗಿ ಹಾಕಿದರೆ ಸ್ಕ್ರೀನಿಗೆ ಹೇಳಿ ಮಾಡಿಸಿದ ಚಿತ್ರ. ಅದೇ ಗುಡಿಯ ವಿಗ್ರಹಗಳ ಆಭರಣದ ಕುಸುರಿಗೆ ಕೈ ಹಾಕಬೇಡಿ. ಅರ್ಧ ಮಿಲಿಮೀಟರಿಗಿಂತ ಸಣ್ಣ ಗೆರೆ 43ಟಿ ಮೆಶ್ಶಿನಲ್ಲಿ ನಿಲ್ಲುವುದಿಲ್ಲ.

ಡಿಟಿಎಫ್: ಪ್ರಿಂಟರ್ ಬೇಡ, ಫಿಲಂ ಸಾಕು

ಪ್ಲಾಸ್ಟಿಕ್ ಫಿಲಮ್ಮಿನ ಮೇಲೆ ಬಣ್ಣ, ಅದರ ಮೇಲೆ ಬಿಳಿ, ಅದಕ್ಕೆ ಅಂಟುಪುಡಿ ಹಾಕಿ ಕರಗಿಸಿದ ಚಿತ್ರ ಇದು. ಶರ್ಟಿನ ಮೇಲೆ ಇಟ್ಟು ಬಿಸಿಯಿಂದ ಒತ್ತಿದರೆ ಅಂಟು ಎಳೆಗಳೊಳಗೆ ಇಳಿಯುತ್ತದೆ. ಹತ್ತಿ, ಪಾಲಿಯೆಸ್ಟರ್, ಕಪ್ಪು, ಬಿಳುಪು, ಎಲ್ಲಕ್ಕೂ ಹಿಡಿಯುತ್ತದೆ. ಪ್ರಿಂಟರನ್ನೇ ಕೊಳ್ಳುವ ಆಸೆಯನ್ನು ಮಾತ್ರ ಹವ್ಯಾಸದವರು ಬಿಡಬೇಕು. ಬಿಳಿ ಶಾಯಿಯಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಭಾರವಾದ್ದರಿಂದ ತಳಕ್ಕಿಳಿದು ಶಾಯಿ ಚಿಮ್ಮುವ ಹೆಡ್ಡನ್ನು ಕಟ್ಟಿಬಿಡುತ್ತದೆ. ದಿನಾ ಓಡಿಸುವವನಿಗೆ ಅದು ಲಾಭ, ತಿಂಗಳಿಗೆರಡು ಸಲ ಓಡಿಸುವವನಿಗೆ ರಿಪೇರಿ ಖರ್ಚು.

ಮೀಟರ್ ಲೆಕ್ಕದಲ್ಲಿ ಪ್ರಿಂಟು ಮಾಡಿಕೊಡುವವರಿಂದ ತರಿಸಿಕೊಳ್ಳಿ. ಬೆಂಗಳೂರಿನಿಂದಾದರೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋದಲ್ಲೂ ಬರುತ್ತದೆ. 22 ಇಂಚು ಅಗಲದ ಒಂದು ಮೀಟರ್ ಫಿಲಮ್ಮಿನಲ್ಲಿ, ಅರ್ಧ ಇಂಚು ಸಂದು ಬಿಟ್ಟು, 10.5×12.5 ಇಂಚಿನ ಎದೆಯ ಚಿತ್ರ ಆರು ಕೂರುತ್ತವೆ. ಮೂರಿಂಚಿನ ಜೇಬಿನ ಲೋಗೋ ಆದರೆ 66. ಹಾಗಾಗಿ ಒಂದು ಚಿತ್ರಕ್ಕೆ ಅರ್ಧ ಮೀಟರ್ ತೆಗೆಸುವುದು ದಂಡ. ಗೆಳೆಯರದನ್ನೂ ಸೇರಿಸಿ ಒಂದೇ ಹಾಳೆಯಲ್ಲಿ ಜೋಡಿಸಿ ಕಳಿಸಿ. ಕಡತ ಪಿಎನ್‌ಜಿ, ಹಿನ್ನೆಲೆ ಪಾರದರ್ಶಕ, ನಿಜ ಅಳತೆಯಲ್ಲಿ 300 ಡಿಪಿಐ. ಚಿತ್ರಕ್ಕೆ ಮೃದುವಾದ ನೆರಳು, ಹೊಳಪಿನ ಅಂಚು ಕೊಡಬೇಡಿ. ಅರೆಪಾರದರ್ಶಕ ಜಾಗದ ಕೆಳಗೂ ಬಿಳಿ ಬಿದ್ದು ಕಪ್ಪು ಶರ್ಟಿನಲ್ಲಿ ಸುಣ್ಣ ಚೆಲ್ಲಿದಂತಾಗುತ್ತದೆ.

ಒತ್ತುವುದು 150 ಡಿಗ್ರಿಯ ಆಸುಪಾಸು, 10ರಿಂದ 15 ಸೆಕೆಂಡು. ಫಿಲಂ ತಣ್ಣಗಾದ ಮೇಲೆ ಸುಲಿಯುವುದೋ ಬಿಸಿಯಲ್ಲೇ ಸುಲಿಯುವುದೋ ಅಂತ ಕೊಟ್ಟವರನ್ನು ಕೇಳಿಕೊಂಡಿರಿ. ಸುಲಿದ ಮೇಲೆ ಬಟರ್ ಪೇಪರ್ ಹಾಕಿ ಇನ್ನೊಂದು ಹತ್ತು ಸೆಕೆಂಡು ಒತ್ತಲೇಬೇಕು. ಇದನ್ನು ಬಿಟ್ಟರೆ ಅಂಚು ಏಳುತ್ತದೆ, ಮೇಲ್ಮೈ ಪ್ಲಾಸ್ಟಿಕ್ಕಿನಂತೆ ಮಿರುಗುತ್ತದೆ.

ಇಲ್ಲೂ ತೇವದ್ದೇ ಕಾಟ. ಮುಟ್ಟಿದರೆ ಒಣಗಿದೆ ಅನ್ನಿಸುವ 170 ಗ್ರಾಂ ಹತ್ತಿ ಶರ್ಟಿನಲ್ಲಿ, ಗಾಳಿಯ ತೇವಾಂಶ ನೂರಕ್ಕೆ 65 ಇದ್ದಾಗಲೇ, ಸುಮಾರು 13 ಗ್ರಾಂ ನೀರಿರುತ್ತದೆ. ಜುಲೈ ತಿಂಗಳ ಮಲೆನಾಡಿನಲ್ಲಿ ಇನ್ನೂ ಹೆಚ್ಚು. ಹೀಟ್ ಪ್ರೆಸ್ (ಬಿಸಿ ತಟ್ಟೆಯಿಂದ ಒತ್ತುವ ಯಂತ್ರ) ಮುಚ್ಚಿದೊಡನೆ ಅದು ಹಬೆಯಾಗಿ ಅಂಟಿನ ನಡುವೆ ನುಗ್ಗುತ್ತದೆ, ಗುಳ್ಳೆಗಳು ಬರುತ್ತವೆ. ಫಿಲಂ ಇಡುವ ಮುಂಚೆ ಬರೀ ಶರ್ಟನ್ನು 5 ಸೆಕೆಂಡು ಒತ್ತಿ ಎತ್ತಿ. ಮಳೆಗಾಲದಲ್ಲಿ 10 ಸೆಕೆಂಡಿನಂತೆ ಎರಡು ಸಲ. ಫಿಲಮ್ಮನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬಿಡಿಸಿಟ್ಟರೆ ಅದು ತೇವ ಎಳೆದುಕೊಂಡು ಜಿಡ್ಡಿನ ಚುಕ್ಕೆ ಮೂಡುತ್ತದೆ.

ಹೀಟ್ ಪ್ರೆಸ್ಸೋ, ಮನೆಯ ಇಸ್ತ್ರಿಯೋ? ಅಂಗೈ ಅಗಲದ ಚಿತ್ರಕ್ಕೆ ಇಸ್ತ್ರಿ ಸಾಕು. ಹಬೆಯ ನೀರು ಖಾಲಿ ಮಾಡಿ, ಹಾಸಿಗೆ ಮೇಲಲ್ಲ, ಗಟ್ಟಿ ಮೇಜಿನ ಮೇಲಿಟ್ಟು ಮೈಭಾರ ಹಾಕಿ ಒತ್ತಿ. ಹಬೆ ತೂತುಗಳ ಕೆಳಗಿನ ಜಾಗಕ್ಕೆ ಶಾಖ ತಟ್ಟುವುದಿಲ್ಲ, ಆದ್ದರಿಂದ ಇಸ್ತ್ರಿಯನ್ನು ಒಂದಿಂಚು ಜರುಗಿಸಿ ಮತ್ತೊಮ್ಮೆ ಒತ್ತಿ. ಅದಕ್ಕಿಂತ ದೊಡ್ಡದಕ್ಕೆ 38×38 ಸೆಂಟಿಮೀಟರಿನ ಪ್ರೆಸ್ ಬೇಕು. ಅಂಥವು 1400ರಿಂದ 1800 ವಾಟ್ ಎಳೆಯುತ್ತವೆ, 16 ಆಂಪಿಯರಿನ ದೊಡ್ಡ ಸಾಕೆಟ್ಟಿಗೇ ಹಾಕಿ. ತೋಟದ ಮನೆಗಳಲ್ಲಿ ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಶಾಖದ ಶಕ್ತಿ ನೂರಕ್ಕೆ 61ಕ್ಕೆ ಇಳಿಯುತ್ತದೆ. ಕಾಯಲು ಹೆಚ್ಚು ಹೊತ್ತು ಬೇಕು, ಒಂದರ ಹಿಂದೊಂದು ಒತ್ತುತ್ತ ಹೋದಂತೆ ಪ್ಲೇಟು ತಣ್ಣಗಾಗುತ್ತದೆ. ಸಂಜೆ ಪಂಪ್‌ಸೆಟ್ ಓಡುವ ಹೊತ್ತು ತಪ್ಪಿಸಿ, ಪ್ರತಿ ಶರ್ಟಿಗೂ ಶಾಖದ ಅಂಕಿ ಮತ್ತೆ ಮೇಲೇರುವವರೆಗೆ ಕಾಯಿರಿ.

ಕೊರತೆಯನ್ನೂ ಹೇಳಬೇಕು. ಎದೆ ತುಂಬ ಗಟ್ಟಿ ಬಣ್ಣದ ಡಿಟಿಎಫ್ ಚಿತ್ರದೊಳಗಿಂದ ಗಾಳಿಯಾಡುವುದಿಲ್ಲ. ಬಾಬಾಬುಡನ್‌ಗಿರಿ ಹತ್ತುವಾಗ ಬೆವರು ಅದರ ಕೆಳಗೇ ಇಳಿಯುತ್ತದೆ. ಚಾರಣದ ಶರ್ಟಿಗೆ ನಡುನಡುವೆ ಬಟ್ಟೆ ಕಾಣುವಂಥ ಗೆರೆಚಿತ್ರ ಆರಿಸಿ.

ವಿನೈಲ್, ಸಬ್ಲಿಮೇಷನ್

ವಿನೈಲ್ ಅಂದರೆ ಬಣ್ಣದ ಹಾಳೆಯನ್ನು ಕತ್ತರಿಸಿ, ಬೇಡದ್ದನ್ನು ಚಿಮಟದಲ್ಲಿ ಕಿತ್ತು, ಉಳಿದದ್ದನ್ನು ಒತ್ತುವುದು. ಶಾಖ 150ರಿಂದ 160 ಡಿಗ್ರಿ, 10ರಿಂದ 15 ಸೆಕೆಂಡು. ಜೆರ್ಸಿ ನಂಬರಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಕತ್ತರಿಸುವ ಮುಂಚೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕು. ಹೊಸಬರ ಮೊದಲ ಹಾಳೆ ಹಾಳಾಗುವುದು ಇದನ್ನು ಮರೆತೇ. ಕತ್ತರಿಸುವಾಗ ಹಾಳೆಯ ಪಾರದರ್ಶಕ ಪದರ ಕೆಳಮುಖವಾಗಿ ಇರಬೇಕು, ಕತ್ತರಿ ತಾಗಬೇಕಾದ್ದು ಹಿಂಬದಿಗೆ. ಒತ್ತಿದ ಮೇಲೆ ಒಂದು ದಿನ ಒಗೆಯಬೇಡಿ.

ಸಬ್ಲಿಮೇಷನ್ ಶಾಯಿ ಶಾಖಕ್ಕೆ ಅನಿಲವಾಗಿ ಪಾಲಿಯೆಸ್ಟರ್ ಎಳೆಯೊಳಗೇ ಸೇರಿಕೊಳ್ಳುತ್ತದೆ. ಮುಟ್ಟಿದರೆ ಪ್ರಿಂಟೇ ಇಲ್ಲವೇನೋ ಅನ್ನಿಸುತ್ತದೆ, ಸಿಪ್ಪೆ ಏಳುವ ಮಾತೇ ಇಲ್ಲ. ಕೆಸರುಗದ್ದೆಯಲ್ಲಿ ಹೊರಳಾಡಿದ ಜೆರ್ಸಿಯನ್ನು ಕಲ್ಲಿಗೆ ಬಡಿದು ಒಗೆದರೂ ಚಿತ್ರ ಹೋಗುವುದಿಲ್ಲ. ಹತ್ತಿಗೆ ಹಿಡಿಯುವುದಿಲ್ಲ, ಗಾಢ ಬಣ್ಣಕ್ಕೆ ಕಾಣುವುದಿಲ್ಲ. ಶಾಖ 190ರಿಂದ 200 ಡಿಗ್ರಿ, ಹೊತ್ತು 45ರಿಂದ 60 ಸೆಕೆಂಡು. ಕಾಗದ ಎಳ್ಳಷ್ಟು ಜರುಗಿದರೂ ಜೋಡಿ ನೆರಳು ಬೀಳುವುದರಿಂದ ಶಾಖ ತಡೆಯುವ ಟೇಪು ಅಂಟಿಸಿ.

ಇಂಕ್‌ಜೆಟ್ ಪ್ರಿಂಟರಿಗೆ ಹಾಕುವ ಟ್ರಾನ್ಸ್‌ಫರ್ ಪೇಪರ್ ಅಂತ ಒಂದು ಸಿಗುತ್ತದೆ. ಹುಟ್ಟುಹಬ್ಬದ ಒಂದು ದಿನಕ್ಕೆ ಸರಿ.

ಸ್ಟೆನ್ಸಿಲ್ ಮತ್ತು ಚೊಗರು

ಓಎಚ್‌ಪಿ ಹಾಳೆ ಕೊರೆದು, ಶರ್ಟಿನೊಳಗೆ ರಟ್ಟು ಇಟ್ಟು, ಫ್ಯಾಬ್ರಿಕ್ ಬಣ್ಣವನ್ನು ಸ್ಪಂಜಿನಲ್ಲಿ ತಟ್ಟುವುದು ಅತಿ ಕಡಿಮೆ ಖರ್ಚಿನ ದಾರಿ. ನೀರು ಬೆರೆಸಬೇಡಿ, ಬ್ರಷ್ಷಿನಲ್ಲಿ ಎಳೆಯಬೇಡಿ; ಎರಡೂ ಅಂಚಿನ ಕೆಳಗೆ ಬಣ್ಣ ನುಗ್ಗಿಸುತ್ತವೆ. ಒಂದು ದಿನ ಒಣಗಿಸಿ, ಒಳಬದಿಯಿಂದ ಇಸ್ತ್ರಿ ಮಾಡಿ, ಮೂರು ದಿನದ ನಂತರ ಒಗೆಯಿರಿ. ಕನ್ನಡ ಅಕ್ಷರಕ್ಕೆ ಒಂದು ತೊಡಕಿದೆ. ‘ಠ’ದ ನಡುವಿನ ಚುಕ್ಕೆ, ‘ರ’, ‘ಂ’ ಇವುಗಳ ಒಳಗಿನ ವೃತ್ತ ಕೊರೆದೊಡನೆ ಉದುರಿ ಬೀಳುತ್ತವೆ. ಎರಡು ಮಿಲಿಮೀಟರ್ ಅಗಲದ ಸೇತುವೆಗಳನ್ನು ಮೊದಲೇ ಬರೆದುಕೊಂಡು ಕೊರೆಯಿರಿ.

ಚಿಕ್ಕಮಗಳೂರಿನಲ್ಲಿ ಕೂತವರಿಗೆ ಕಾಫಿಯಲ್ಲೇ ಬಣ್ಣ ಹಾಕೋಣ ಅನ್ನಿಸುವುದು ಸಹಜ. ಹಾಕಬಹುದು, ಆದರೆ ಬರುವುದು ಮಾಸಲು ಕಂದು, ಅದೂ ಒಗೆದಂತೆಲ್ಲ ತೆಳುವಾಗುತ್ತದೆ. ಕಾಫಿಗಿಂತ ನೂರು ಪಾಲು ಮೇಲು ಅಡಿಕೆ ಚೊಗರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ಅಡಿಕೆ ಬೇಯಿಸಿದವರಿಗೆ ಹೇಳಬೇಕಾಗಿಲ್ಲ, ಅದರ ಕಲೆ ಬಿದ್ದ ಬಟ್ಟೆ ಹರಿಯುವ ತನಕ ಕಲೆ ಅಲ್ಲೇ. ಅದರಲ್ಲಿ ತುಂಬಿರುವ ಟ್ಯಾನಿನ್ ಹತ್ತಿಯನ್ನು ಬಿಗಿಯಾಗಿ ಹಿಡಿಯುತ್ತದೆ.

ಒಂದು ಬಿಳಿ ಹತ್ತಿ ಶರ್ಟಿನ ಲೆಕ್ಕ: ಮೊದಲು ಒಂದು ಚಮಚ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ತೊಳೆಯಿರಿ. 5 ಲೀಟರ್ ನೀರಿಗೆ ಕಾಲು ಲೀಟರ್ ಗಟ್ಟಿ ಚೊಗರನ್ನು ಸೋಸಿ ಹಾಕಿ, ಕುದಿಯಲು ಬಿಡದೆ ಹಬೆಯಾಡುವ ಬಿಸಿಯಲ್ಲಿ ಒಂದು ಗಂಟೆ ಕೈಯಾಡಿಸುತ್ತ ಇಡಿ, ರಾತ್ರಿ ಅದರಲ್ಲೇ ಬಿಡಿ. ಬೆಳಗ್ಗೆ ಹಿಂಡಿ, 25 ಗ್ರಾಂ ಪಟಿಕ ಕರಗಿಸಿದ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಮತ್ತೆ ಚೊಗರಿನಲ್ಲಿ ಅರ್ಧ ಗಂಟೆ. ಕೆಂಪುಗಂದು ಬರುತ್ತದೆ. ಚೊಗರಿನ ಗಟ್ಟಿತನ ಮನೆಯಿಂದ ಮನೆಗೆ ಬೇರೆಯಾದ್ದರಿಂದ ಮೊದಲು ಚಿಂದಿಯ ಮೇಲೆ ನೋಡಿ. ಹೊಲಿಗೆಯ ದಾರ ಪಾಲಿಯೆಸ್ಟರ್ ಆಗಿದ್ದರೆ ಬೆಳ್ಳಗೇ ಉಳಿಯುತ್ತದೆ, ಅದೊಂದು ಚೆಂದವೇ.

ಇದರ ಮೇಲೆ ಚಿತ್ರ ಬರೆಯಲು ಬಣ್ಣ ಬೇಡ, ಅನ್ನಭೇದಿ (ಫೆರಸ್ ಸಲ್ಫೇಟ್) ಸಾಕು. ಅದರ ಕಬ್ಬಿಣ ಟ್ಯಾನಿನ್ ಜೊತೆ ಸೇರಿದೊಡನೆ ಕಂದು ಕಪ್ಪಾಗುತ್ತದೆ. ಕಾಲು ಲೋಟ ನೀರಿಗೆ ಎರಡು ಚಿಟಿಕೆ ಅನ್ನಭೇದಿ, ಹರಿಯದಷ್ಟು ಗಟ್ಟಿಯಾಗಲು ಗೋಂದು ಬೆರೆಸಿ ಸ್ಟೆನ್ಸಿಲ್ಲಿನ ಮೇಲೆ ತಟ್ಟಿ. ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಹೆಚ್ಚು ಹಾಕಿದರೆ ಕಪ್ಪು ಹೆಚ್ಚುವುದಿಲ್ಲ, ಹತ್ತಿ ನೂಲು ಕೊಳೆತು ಚಿತ್ರದ ಆಕಾರಕ್ಕೇ ತೂತು ಬೀಳುತ್ತದೆ. ಪಾತ್ರೆ ಅಡುಗೆಯದಾಗಿರಬಾರದು, ಪುಡಿ ಮಕ್ಕಳ ಕೈಗೆ ಸಿಗಬಾರದು.

ಅಕ್ಷರ ಕಳಿಸುವಾಗ

ಯಾವ ದಾರಿ ಹಿಡಿದರೂ ಪ್ರಿಂಟಿಗೆ ಕಡತ ಕಳಿಸುವಾಗ ಕನ್ನಡ ಕೈಕೊಡುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆಯುತ್ತದೆ. ಯೂನಿಕೋಡಿನಲ್ಲಿದ್ದರೂ ಕೆಲವು ಹಳೆಯ ವಿನ್ಯಾಸ ತಂತ್ರಾಂಶಗಳು ಒತ್ತಕ್ಷರವನ್ನು ಬಿಡಿಸಿ ‘ಅಮ್ಮ’ವನ್ನು ‘ಅಮ್‌ಮ’ ಮಾಡುತ್ತವೆ. ಅಕ್ಷರವನ್ನು ಕರ್ವ್‌ಗೆ (ಫಾಂಟ್ ಬೇಡದ ಗೆರೆಚಿತ್ರಕ್ಕೆ) ಬದಲಿಸಿ ಪಿಡಿಎಫ್ ಮಾಡಿ, ಡಿಟಿಎಫ್‌ಗೆ ಆದರೆ ಪಿಎನ್‌ಜಿ ಮಾಡಿ ಕಳಿಸಿ, ಪ್ರಿಂಟಿಗೆ ಹಾಕುವ ಮುಂಚೆ ಅವರ ಪರದೆಯ ಫೋಟೊ ತರಿಸಿಕೊಂಡು ಓದಿ. ವಿನೈಲಿನಲ್ಲಿ ಒತ್ತಕ್ಷರದ ಅತಿ ತೆಳು ಗೆರೆ ಎರಡು ಮಿಲಿಮೀಟರಿಗಿಂತ ಸಣ್ಣದಾಗದಂತೆ ಅಕ್ಷರ ದೊಡ್ಡದು ಮಾಡಿ. ಚಿತ್ರದ ಮೇಲಂಚು ಕಾಲರಿನ ಹೊಲಿಗೆಯಿಂದ ದೊಡ್ಡವರ ಶರ್ಟಿನಲ್ಲಿ ಮೂರು ಇಂಚು ಕೆಳಗೆ ಬರಲಿ, ಮಕ್ಕಳದ್ದರಲ್ಲಿ ಎರಡು. ಶರ್ಟನ್ನು ಉದ್ದಕ್ಕೆ ಮಡಚಿ ನಡುಗೆರೆಗೆ ಇಸ್ತ್ರಿ ಮಾಡಿಕೊಂಡರೆ ಚಿತ್ರ ವಾರೆಯಾಗುವುದಿಲ್ಲ.